ಅಂಚೆಯ ಪ್ಯಾಕಿಂಗ್ ನಿಯಮ ಬದಲಾದರೆ ಕರಪತ್ರ, ಟಪಾಲು ಪ್ರಚಾರವನ್ನು ಹೊಂದಿಸಿಕೊಳ್ಳುವುದು ಹೇಗೆ?

ನಿಯಮ ಬದಲಾದಾಗಲೆಲ್ಲ ಓದುಗರಿಂದ ಒಂದೇ ಬಗೆಯ ಪ್ರಶ್ನೆ ಬರುತ್ತದೆ. "ಕರಪತ್ರ ಪ್ರಿಂಟ್ ಆಗಿದೆ, ಕವರ್‌ಗೆ ತುಂಬಿದ್ದೂ ಆಯಿತು. ಈಗ ಅಂಚೆಯವರು ತಗೊಳ್ಳೋಲ್ಲ ಅಂತಿದ್ದಾರೆ, ಏನು ಮಾಡೋದು?" ಆ ಹೊತ್ತಿಗೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ತಪ್ಪು ಆಗಿದ್ದು ಕೆಲವು ವಾರಗಳ ಹಿಂದೆ, ನಿಯಮ ನೋಡದೆ ಡಿಸೈನ್ ಶುರು ಮಾಡಿದ ದಿನವೇ.

ಹೆಚ್ಚಿನವರು ಮೊದಲು ಡಿಸೈನ್ ಮಾಡಿಸುತ್ತಾರೆ, ಆಮೇಲೆ ಮುದ್ರಣ, ಆಮೇಲೆ ಕವರ್, ಕೊನೆಗೆ ಅಂಚೆ ಕಚೇರಿ. ಈ ಕ್ರಮವನ್ನು ತಿರುಗಿಸಬೇಕು. ನಿಯಮ ಮೊದಲು, ಅದಕ್ಕೆ ತಕ್ಕ ಕವರ್, ಕವರ್‌ಗೆ ತಕ್ಕ ಕಾಗದ, ಅದಾದ ಮೇಲೆ ಡಿಸೈನ್. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ. ದಯವಿಟ್ಟು ಹಿಂದುಮುಂದು ಮಾಡಬೇಡಿ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಗ್ರಾಮಿನ ಹತ್ತನೇ ಒಂದು ಭಾಗದವರೆಗೆ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ. ಮಿಲಿಮೀಟರ್ ಗುರುತಿರುವ ಉಕ್ಕಿನ ಸ್ಕೇಲು. ದಪ್ಪ ನೋಡಲು ಗೇಜು: ಗಟ್ಟಿ ರಟ್ಟಿನಲ್ಲಿ ಸರಿಯಾಗಿ 5 ಮಿಲಿಮೀಟರ್ ಅಗಲದ ಸೀಳು ಕತ್ತರಿಸಿದರೆ ಸಾಕು. ನೀವು ಬಳಸಬೇಕೆಂದಿರುವ ಕಾಗದದ ಮತ್ತು ಕವರ್‌ನ ಖಾಲಿ ಮಾದರಿ ಬೇಕು. ಇವನ್ನು ಪ್ರೆಸ್‌ನವರು ಕೇಳಿದರೆ ಸುಮ್ನೆ ಕೊಡುತ್ತಾರೆ. ಇದರ ಜೊತೆಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಲ್ಲ ಅಳತೆಯೂ ಒಂದೇ ಕಡೆ ಬರೆದಿದ್ದರೆ ಮುಂದಿನ ಬಾರಿ ಅರ್ಧ ಕೆಲಸ ಉಳಿಯುತ್ತದೆ.

ಅಡುಗೆಮನೆಯ ತಕ್ಕಡಿ ಈ ಕೆಲಸಕ್ಕೆ ಆಗುವುದಿಲ್ಲ. ಅದು ಒಂದು ಗ್ರಾಂ ಹೆಚ್ಚು ಕಡಿಮೆ ತೋರಿಸುತ್ತದೆ. ಇಲ್ಲಿ ಆ ಒಂದು ಗ್ರಾಮಿನದೇ ಜಗಳ.

ಹಂತ 1: ನಿಯಮವನ್ನೇ ಓದಿ, ಐದು ಉತ್ತರ ಬರೆದುಕೊಳ್ಳಿ

ನಿಮ್ಮ ಅಂಚೆ ಸಂಸ್ಥೆಯ ಈಗಿನ ನಿಯಮದ ಪ್ರತಿಯನ್ನು ಪಡೆಯಿರಿ. ಯಾರೋ ಹೇಳಿದ್ದು, ಹಳೆಯ ಪ್ರೆಸ್‌ನವರ ನೆನಪು, ಹೋದ ವರ್ಷದ ರಸೀದಿ ಇವನ್ನು ನಂಬಬೇಡಿ. ಓದುವಾಗ ಈ ಐದು ಪ್ರಶ್ನೆಗಳಿಗೆ ಉತ್ತರ ಹುಡುಕಿ.

ಒಂದು, ಉದ್ದ, ಅಗಲ, ದಪ್ಪಕ್ಕೆ ಇರುವ ಮಿತಿ ಎಷ್ಟು? ಕನಿಷ್ಠ ಅಳತೆಯನ್ನೂ ನೋಡಿ, ತೀರಾ ಚಿಕ್ಕ ಕಾರ್ಡು ಕೂಡ ವಾಪಸ್ ಬರುತ್ತದೆ. ಎರಡು, ತೂಕದ ಮೆಟ್ಟಿಲುಗಳು, ಅಂದರೆ ದಾಟಿದರೆ ದರ ಏರುವ ತೂಕಗಳು, ಎಲ್ಲೆಲ್ಲಿ ಬದಲಾಗುತ್ತವೆ? ಮೂರು, ಹೊರಕವರ್ ಯಾವುದರಿಂದ ಮಾಡಿರಬೇಕು, ಯಾವುದು ನಿಷಿದ್ಧ? ನಾಲ್ಕು, ಕವರ್ ಇಲ್ಲದೆ ಕಳಿಸುವುದಾದರೆ ಹೇಗೆ ಅಂಟಿಸಬೇಕು? ಐದು, ವಿಳಾಸಕ್ಕೆ ಎಷ್ಟು ಜಾಗ, ಎಲ್ಲಿ ಬಿಡಬೇಕು?

ಇದರ ಜೊತೆಗೆ ಜಾರಿಯ ದಿನಾಂಕ ಬರೆದುಕೊಳ್ಳಿ. ಇಲ್ಲಿ ತುಂಬಾ ಜನ ಎಡವುತ್ತಾರೆ. ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ನೀವು ಅಂಚೆಗೆ ಕೊಡುವ ದಿನ. ಹಳೆಯ ನಿಯಮ ಇದ್ದಾಗಲೇ ಮುದ್ರಿಸಿದ್ದೆ ಎಂಬ ಮಾತು ಕೌಂಟರ್‌ನಲ್ಲಿ ನಡೆಯುವುದಿಲ್ಲ.

ಅಳತೆಗಳ ಅಂದಾಜು ಸಿಗಲಿ ಎಂದು ವಿಶ್ವ ಅಂಚೆ ಒಕ್ಕೂಟದ ಲೆಕ್ಕ ಹೇಳುತ್ತೇನೆ. ಅದರ ಪ್ರಕಾರ ಚಿಕ್ಕ ಪತ್ರ ಎಂದರೆ ಹೆಚ್ಚೆಂದರೆ 165 × 245 ಮಿಲಿಮೀಟರ್, 5 ಮಿಲಿಮೀಟರ್ ದಪ್ಪ, 100 ಗ್ರಾಂ. ದೊಡ್ಡ ಪತ್ರ ಎಂದರೆ 305 × 381 ಮಿಲಿಮೀಟರ್, 20 ಮಿಲಿಮೀಟರ್ ದಪ್ಪ, 500 ಗ್ರಾಂ. ಇವು ದೇಶ ದೇಶಗಳ ನಡುವಿನ ಟಪಾಲಿನ ಮಿತಿಗಳು. ಊರೊಳಗಿನ ಟಪಾಲಿಗೆ ನಿಮ್ಮ ಅಂಚೆಯ ಲೆಕ್ಕ ಬೇರೆ ಇರಬಹುದು. ಅದನ್ನೇ ಹಿಡಿಯಿರಿ.

ಹಂತ 2: ನಿಮ್ಮ ಟಪಾಲು ಯಾವ ವರ್ಗಕ್ಕೆ ಸೇರಬೇಕು ಎಂದು ಮೊದಲೇ ತೀರ್ಮಾನಿಸಿ

ಚಿಕ್ಕ ಪತ್ರವೋ, ದೊಡ್ಡ ಪತ್ರವೋ, ಪ್ಯಾಕೆಟ್ಟೋ? ಇದನ್ನು ಅಂಚೆಯವರು ತೀರ್ಮಾನಿಸಲಿ ಎಂದು ಬಿಡಬೇಡಿ. ನೀವೇ ಮೊದಲು ಗುರಿ ಇಟ್ಟುಕೊಂಡು, ಅದಕ್ಕೆ ತಕ್ಕಂತೆ ಉಳಿದದ್ದನ್ನು ಮಾಡಿ.

ಎ5 ಅಳತೆಯ ಕರಪತ್ರ, 148 × 210 ಮಿಲಿಮೀಟರ್, ಸಿ5 ಕವರ್‌ನಲ್ಲಿ ಆರಾಮಾಗಿ ಕೂರುತ್ತದೆ. ಸಿ5 ಎಂದರೆ 162 × 229, ಮೇಲೆ ಹೇಳಿದ ಚಿಕ್ಕ ಪತ್ರದ ಮಿತಿಯೊಳಗೇ ಇದೆ. ಅದೇ ಎ4 ಹಾಳೆಯನ್ನು ಮಡಿಸದೆ ಕಳಿಸಿದರೆ ನೇರವಾಗಿ ದೊಡ್ಡ ಪತ್ರವಾಗುತ್ತದೆ. ಮೂರು ಮಡಿಕೆ ಮಾಡಿದರೆ 110 × 220ರ ಡಿಎಲ್ ಕವರ್‌ಗೆ ಹೋಗುತ್ತದೆ. ಹಾಳೆ ಒಂದೇ, ಮಾತೂ ಅದೇ, ವರ್ಗ ಮಾತ್ರ ಬೇರೆ.

ಚೌಕಾಕಾರದ ಕಾರ್ಡು ನೋಡಲು ಚೆಂದ, ಆದರೆ ವಿಂಗಡಣೆ ಯಂತ್ರಕ್ಕೆ ಉದ್ದ ಯಾವುದು, ಎತ್ತರ ಯಾವುದು ತಿಳಿಯುವುದಿಲ್ಲ. ಅಮೆರಿಕದ ಅಂಚೆಯಲ್ಲಿ ಯಂತ್ರಕ್ಕೆ ಹೋಗುವ ಪತ್ರದ ಉದ್ದವನ್ನು ಎತ್ತರದಿಂದ ಭಾಗಿಸಿದರೆ 1.3ರಿಂದ 2.5ರ ನಡುವೆ ಬರಬೇಕು ಎಂಬ ನಿಯಮವಿದೆ. ಡಿಎಲ್ ಕವರ್‌ಗೆ ಸರಿಯಾಗಿ 2 ಬರುತ್ತದೆ, ಸಿ5ಗೆ 1.4. ಚೌಕಕ್ಕೆ 1. ನಿಮ್ಮ ಅಂಚೆಯಲ್ಲಿ ಈ ನಿಯಮ ಇಲ್ಲದಿದ್ದರೂ ಈ ಲೆಕ್ಕ ಹಾಕಿ ನೋಡಿ, ನಷ್ಟವೇನಿಲ್ಲ.

ಒಳಗೆ ಪೆನ್ನು, ಕೀಚೈನು, ಮಾದರಿ ಸ್ಯಾಶೆ ಇಡುವ ಆಸೆ ಇದ್ದರೆ ಈಗಲೇ ಹೇಳಿಬಿಡುತ್ತೇನೆ. ಒಂದು ಕಡೆ ಉಬ್ಬಿದ ಪತ್ರ ಯಂತ್ರದ ಪಟ್ಟಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಸರಾಸರಿ ದಪ್ಪ ಕಡಿಮೆ ಇದ್ದರೂ ಉಬ್ಬಿದ ಜಾಗದ ದಪ್ಪವನ್ನೇ ಅಳೆಯುತ್ತಾರೆ. ಅಂಥದ್ದನ್ನು ಪ್ಯಾಕೆಟ್ ಎಂದೇ ಲೆಕ್ಕ ಹಾಕಿ ಯೋಜನೆ ಮಾಡಿ.

ಹಂತ 3: ಹೊರಕವರ್ ಆರಿಸಿ

ಹೊಸ ನಿಯಮಗಳಲ್ಲಿ ಹೆಚ್ಚು ಬದಲಾವಣೆ ಆಗುವುದು ಇಲ್ಲೇ. ಪ್ಲಾಸ್ಟಿಕ್ ಹೊದಿಕೆಗೆ ಬಾಗಿಲು ಮುಚ್ಚುತ್ತಿದೆ. ಯುರೋಪಿನಲ್ಲಿ 2013ರ ಒಂದು ನಿರ್ದೇಶನವೇ, ಒಳಗೆ ಪತ್ರಿಕೆ ಇರುವ ಟಪಾಲು ಕವರನ್ನು ಪ್ಯಾಕಿಂಗ್ ಪಟ್ಟಿಗೆ ಸೇರಿಸಿತು. ಅಂದರೆ ಕ್ಯಾಟಲಾಗಿನ ಮೇಲಿನ ತೆಳು ಕವರಿಗೂ ಪ್ಯಾಕಿಂಗ್ ಕಸದ ಲೆಕ್ಕವೇ ತಗಲುತ್ತದೆ. ಅಲ್ಲಿನ ಹೊಸ ಪ್ಯಾಕಿಂಗ್ ಕಾನೂನು 2025ರ ಫೆಬ್ರವರಿ 11ರಂದು ಜಾರಿಗೆ ಬಂತು, ಅದರ ನಿಯಮಗಳು ಅನ್ವಯವಾಗುವ ದಿನ 2026ರ ಆಗಸ್ಟ್ 12. ಆನ್‌ಲೈನ್ ಮಾರಾಟದ ಪೆಟ್ಟಿಗೆಗಳಲ್ಲಿ ಖಾಲಿ ಜಾಗ ಅರ್ಧಕ್ಕಿಂತ ಜಾಸ್ತಿ ಇರಬಾರದು ಎಂಬ ಮಿತಿಯನ್ನು ಅದೇ ಕಾನೂನು 2030ರ ಹೊತ್ತಿಗೆ ತರುತ್ತದೆ. ಅದರಲ್ಲಿ ಗಾಳಿ ಚೀಲ, ಕಾಗದದ ಚೂರು ತುಂಬಿದ ಜಾಗವನ್ನೂ ಖಾಲಿ ಎಂದೇ ಎಣಿಸುತ್ತಾರೆ. ನೀವು ಯುರೋಪಿಗೆ ಏನೂ ಕಳಿಸದಿದ್ದರೂ ಇದು ಗೊತ್ತಿರಲಿ. ಪ್ಯಾಕಿಂಗ್ ನಿಯಮಗಳು ಎತ್ತ ಸಾಗುತ್ತಿವೆ ಎಂಬುದಕ್ಕೆ ಇದು ಗುರುತು.

ನಿಮ್ಮ ಮುಂದೆ ಮೂರು ದಾರಿಗಳಿವೆ.

ಮೊದಲನೆಯದು, ಹೊದಿಕೆಯೇ ಇಲ್ಲದ ಕಾರ್ಡು. ಒಂದೇ ಹಾಳೆಯ ಮಾತಾದರೆ ಇದಕ್ಕಿಂತ ಒಳ್ಳೆಯದಿಲ್ಲ. ಕವರ್‌ನ ತೂಕವಿಲ್ಲ, ಕಸವಿಲ್ಲ, ತೆರೆಯುವ ಶ್ರಮವೂ ಇಲ್ಲ. ಆದರೆ ಕಾಗದ ಗಟ್ಟಿ ಇರಬೇಕು. ನನ್ನ ಸಲಹೆ 250 ಜಿಎಸ್‌ಎಂಗಿಂತ ಕೆಳಗೆ ಹೋಗಬೇಡಿ (ಜಿಎಸ್‌ಎಂ ಎಂದರೆ ಕಾಗದದ ತೂಕದ ಅಳತೆ, ಲೆಕ್ಕ ಹಂತ 4ರಲ್ಲಿದೆ). ಅದಕ್ಕಿಂತ ತೆಳುವಾದದ್ದು ಸುಲಭವಾಗಿ ಮೂಲೆ ಮಡಚಿಕೊಳ್ಳುತ್ತದೆ.

ಎರಡನೆಯದು, ತಾನೇ ಕವರ್ ಆಗುವ ಮಡಿಕೆ ಹಾಳೆ. ಕರಪತ್ರವನ್ನೇ ಮಡಿಸಿ, ಅಂಟು ಬಿಲ್ಲೆ ಹಚ್ಚಿ, ಹೊರಗೆ ವಿಳಾಸ ಬರೆಯುವುದು. ಎರಡು ಮೂರು ಪುಟದಷ್ಟು ಹೇಳುವುದಿದ್ದರೆ ನನಗೆ ಇದೇ ಇಷ್ಟ. ಅಂಟಿಸುವ ಕ್ರಮವನ್ನು ಹಂತ 5ರಲ್ಲಿ ಬಿಡಿಸಿ ಹೇಳಿದ್ದೇನೆ.

ಮೂರನೆಯದು, ಕಾಗದದ ಕವರ್. ಒಂದಕ್ಕಿಂತ ಹೆಚ್ಚು ತುಣುಕು ಇದ್ದರೆ ಅಥವಾ ಖಾಸಗಿ ವಿವರ ಇದ್ದರೆ ಇದೇ ಬೇಕು. ಪ್ಲಾಸ್ಟಿಕ್‌ನಿಂದ ಕಾಗದಕ್ಕೆ ಬಂದಾಗ ಎಲ್ಲರೂ ಮರೆಯುವ ಒಂದು ಲೆಕ್ಕ ಇದೆ. ಸಿ5 ಅಳತೆಗೆ 30 ಮೈಕ್ರಾನ್ ಪ್ಲಾಸ್ಟಿಕ್ ಹೊದಿಕೆ ಸುಮಾರು 2 ಗ್ರಾಂ ತೂಗುತ್ತದೆ. ಅದೇ ಅಳತೆಯ 80 ಜಿಎಸ್‌ಎಂ ಕಾಗದದ ಕವರ್ 6ರಿಂದ 7 ಗ್ರಾಂ. ಒಳಗಿನ ಕರಪತ್ರ ಬದಲಾಗಲಿಲ್ಲ, ಆದರೂ ಟಪಾಲು 4–5 ಗ್ರಾಂ ಭಾರವಾಯಿತು. ಹಳೆಯ ಕರಪತ್ರಕ್ಕೆ ಹೊಸ ಕವರ್ ಹಾಕಿ ಕಳಿಸಿ, ಮುಂದಿನ ತೂಕದ ಮೆಟ್ಟಿಲಿಗೆ ಹತ್ತಿ ಹೆಚ್ಚಿನ ದರ ಕಟ್ಟಿದವರು ಬಹಳ.

ಇಲ್ಲಿ ಆಗುವ ತಪ್ಪುಗಳು ಹೀಗಿವೆ. "ಕೊಳೆಯುವ ಪ್ಲಾಸ್ಟಿಕ್" ಎಂಬ ಹೆಸರು ನೋಡಿ ಕೊಳ್ಳುವುದು ಒಂದು. ಬಿಸಿಲಿಗೆ ಪುಡಿಪುಡಿಯಾಗುವ ಆಕ್ಸೋ-ಡಿಗ್ರೇಡಬಲ್ ಪ್ಲಾಸ್ಟಿಕ್‌ ಅನ್ನು ಯುರೋಪು 2021ರ ಜುಲೈ 3ರಿಂದ ನಿಷೇಧಿಸಿದೆ, ಅದು ಚೂರಾಗುತ್ತದೆಯೇ ಹೊರತು ಮಣ್ಣಾಗುವುದಿಲ್ಲ. ಮಾರುವವರ ಮಾತು ಸಾಲದು, ನಿಯಮದಲ್ಲಿ ಆ ವಸ್ತುವಿನ ಹೆಸರು ಇದೆಯೇ ನೋಡಿ. ಇನ್ನೊಂದು ತಪ್ಪು, ಕಿಟಕಿ ಕವರ್‌ನ ಕಿಟಕಿಯನ್ನು ಮರೆಯುವುದು. ಕವರ್ ಕಾಗದದ್ದೇ ಆದರೂ ಕಿಟಕಿಯ ಹಾಳೆ ಪ್ಲಾಸ್ಟಿಕ್ ಇರುತ್ತದೆ. ಪ್ಲಾಸ್ಟಿಕ್ ಪೂರ್ತಿ ಬೇಡ ಎಂದು ನಿಯಮವಿದ್ದರೆ ಗ್ಲಾಸಿನ್ ಎಂಬ ಪಾರದರ್ಶಕ ಕಾಗದದ ಕಿಟಕಿ ಕೇಳಿ.

ಹಂತ 4: ಮುದ್ರಿಸುವ ಮೊದಲೇ ತೂಕದ ಲೆಕ್ಕ ಹಾಕಿ

ಇದು ಕಷ್ಟವಲ್ಲ. ಎ0 ಹಾಳೆ ಎಂದರೆ ಒಂದು ಚದರ ಮೀಟರ್. ಎ4 ಅದರ 16ನೇ ಒಂದು ಭಾಗ, ಎ5 32ನೇ ಒಂದು, ಎ6 64ನೇ ಒಂದು. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ. ಹಾಗಾಗಿ ಜಿಎಸ್‌ಎಂ ಅನ್ನು 16, 32 ಅಥವಾ 64ರಿಂದ ಭಾಗಿಸಿದರೆ ಒಂದು ಹಾಳೆಯ ತೂಕ ಸಿಕ್ಕಿತು.

ಒಂದು ಉದಾಹರಣೆ ಮಾಡೋಣ. 170 ಜಿಎಸ್‌ಎಂನ ಎ4 ಹಾಳೆ 10.6 ಗ್ರಾಂ. 250 ಜಿಎಸ್‌ಎಂನ ಎ6 ಉತ್ತರ ಕಾರ್ಡು 3.9 ಗ್ರಾಂ. 90 ಜಿಎಸ್‌ಎಂನ ಡಿಎಲ್ ಕವರ್ ಸುಮಾರು 5 ಗ್ರಾಂ. ಒಟ್ಟು 19.5. ಅನೇಕ ದೇಶಗಳಲ್ಲಿ ಮೊದಲ ತೂಕದ ಮೆಟ್ಟಿಲು 20 ಗ್ರಾಂ. ಮಿತಿಯೊಳಗೇ ಇದೆ ಅಲ್ವಾ ಅನ್ನಿಸುತ್ತದೆ. ಆದರೆ ಇದು ಅಪಾಯದ ತೂಕ.

ಕಾರಣ ಹೇಳುತ್ತೇನೆ. ಕಾಗದದ ಜಿಎಸ್‌ಎಂ ಗಿರಣಿಯಿಂದ ಬರುವಾಗಲೇ ಶೇಕಡ ನಾಲ್ಕರಷ್ಟು ಆಚೀಚೆ ಇರಬಹುದು. ಮಸಿ, ಅಂಟು, ವಿಳಾಸದ ಸ್ಟಿಕರ್ ತಮ್ಮ ತೂಕ ಸೇರಿಸುತ್ತವೆ. ಎಲ್ಲಕ್ಕಿಂತ ಮುಖ್ಯ, ಕಾಗದ ತೇವ ಹೀರುತ್ತದೆ. ಒಮ್ಮೆ ನಾವು ಪ್ರೆಸ್‌ನಲ್ಲಿ ತೂಗಿದಾಗ 19.6 ಇದ್ದ ಟಪಾಲು, ಮಳೆಗಾಲದಲ್ಲಿ ಮೂರು ದಿನ ನೆಲದ ಮೇಲೆ ಕೂತು ಕೌಂಟರ್‌ಗೆ ಬರುವಷ್ಟರಲ್ಲಿ 20 ದಾಟಿತ್ತು. ಇಡೀ ಕಂತಿಗೆ ಮುಂದಿನ ಮೆಟ್ಟಿಲಿನ ದರ ಬಿತ್ತು. ಆ ದಿನದಿಂದ ನಾನು 20 ಗ್ರಾಮಿನ ಮಿತಿಗೆ 18.5 ದಾಟಲು ಬಿಡುವುದಿಲ್ಲ.

ತೂಕ ಇಳಿಸುವುದು ಹೇಗೆ? ಮೊದಲು ದೊಡ್ಡ ಹಾಳೆಯ ಜಿಎಸ್‌ಎಂ ಇಳಿಸಿ. ಮೇಲಿನ ಲೆಕ್ಕದಲ್ಲಿ 170ರ ಬದಲು 130 ಹಾಕಿದರೆ ಹಾಳೆ 8.1 ಗ್ರಾಂಗೆ ಬರುತ್ತದೆ, ಒಟ್ಟು 17. ಉತ್ತರ ಕಾರ್ಡನ್ನು ತೆಗೆದು ಕ್ಯೂಆರ್ ಕೋಡ್ ಹಾಕುವುದು ಎರಡನೇ ದಾರಿ. ಕವರ್‌ನ ಕಾಗದವನ್ನು ಕೊನೆಗೆ ಮುಟ್ಟಿ, ತೀರಾ ತೆಳು ಕವರ್ ದಾರಿಯಲ್ಲೇ ಹರಿಯುತ್ತದೆ.

ಹಂತ 5: ಮಡಿಕೆ ಮತ್ತು ಅಂಟು

ವಿಂಗಡಣೆ ಯಂತ್ರ ಪತ್ರವನ್ನು ನೆಟ್ಟಗೆ ನಿಲ್ಲಿಸಿಕೊಂಡು, ಎರಡು ಪಟ್ಟಿಗಳ ನಡುವೆ ಒತ್ತಿ, ಉರುಳೆಗಳ ಸುತ್ತ ಬಾಗಿಸಿ ಓಡಿಸುತ್ತದೆ. ದೊಡ್ಡ ಯಂತ್ರಗಳಲ್ಲಿ ಗಂಟೆಗೆ 30 ಸಾವಿರಕ್ಕೂ ಹೆಚ್ಚು ಪತ್ರ ಹೋಗುತ್ತವೆ. ತೆರೆದ ಅಂಚು ಎಲ್ಲಾದರೂ ಸಿಕ್ಕಿಕೊಂಡರೆ ನಿಮ್ಮ ಪತ್ರವೂ ಹರಿಯುತ್ತದೆ, ಹಿಂದೆ ಬರುವವರದ್ದೂ ಹರಿಯುತ್ತದೆ. ಅಂಟಿನ ನಿಯಮಗಳೆಲ್ಲ ಹುಟ್ಟಿದ್ದು ಇದರಿಂದ. ಈ ಚಿತ್ರ ಮನಸ್ಸಿನಲ್ಲಿದ್ದರೆ ನಿಯಮ ಬಾಯಿಪಾಠ ಮಾಡಬೇಕಿಲ್ಲ.

ಆದ್ದರಿಂದ ಮುಖ್ಯ ಮಡಿಕೆ ವಿಳಾಸದ ಕೆಳಗಡೆ ಬರಲಿ, ತೆರೆದ ಅಂಚು ಮೇಲೆ ಇರಲಿ. ಮೇಲಿನ ಅಂಚಿಗೆ ಎರಡು ಅಂಟು ಬಿಲ್ಲೆ ಹಚ್ಚಿ, ಎರಡೂ ತುದಿಗಳಿಂದ 25 ಮಿಲಿಮೀಟರ್ ಒಳಗೆ. ಪಕ್ಕದ ಅಂಚುಗಳೂ ತೆರೆದಿದ್ದು ಹಾಳೆ ತೆಳುವಿದ್ದರೆ ಅಲ್ಲಿಗೂ ಒಂದೊಂದು ಬೇಕಾಗುತ್ತದೆ. ಸ್ಟೇಪ್ಲರ್ ಪಿನ್ ಬೇಡವೇ ಬೇಡ. ಯಂತ್ರಕ್ಕೂ ಕೆಟ್ಟದ್ದು, ವಿಂಗಡಿಸುವವರ ಬೆರಳಿಗೂ ಕೆಟ್ಟದ್ದು.

170 ಜಿಎಸ್‌ಎಂಗಿಂತ ದಪ್ಪ ಕಾಗದವಾದರೆ ಮಡಿಸುವ ಮೊದಲು ಕ್ರೀಸಿಂಗ್ ಮಾಡಿಸಿ, ಅಂದರೆ ಮಡಿಕೆ ಬರುವಲ್ಲಿ ಒತ್ತುಗೆರೆ ಹಾಕಿಸಿ. ಇಲ್ಲವಾದರೆ ಮಡಿಕೆಯಲ್ಲಿ ಮಸಿ ಬಿರಿದು ಬಿಳಿ ಗೆರೆ ಕಾಣುತ್ತದೆ. ಎ4 ಹಾಳೆಯನ್ನು ಒಳಮಡಿಕೆಯಾಗಿ ಮೂರು ಭಾಗ ಮಾಡುವಾಗ ಮೂರನ್ನೂ 99 ಮಿಲಿಮೀಟರ್ ಇಡಬೇಡಿ. 100, 100, 97 ಎಂದು ಇಡಿ, ಒಳಗೆ ಹೋಗುವ ಭಾಗ 97. ಆಗ ಹಾಳೆ ಉಬ್ಬದೆ ಚಪ್ಪಟೆ ಕೂರುತ್ತದೆ. ಡಿಸೈನ್ ಮಾಡುವವರಿಗೆ ಇದನ್ನು ಮೊದಲೇ ಹೇಳಿ, ಆಮೇಲೆ ಹೇಳಿದರೆ ಇಡೀ ಪುಟ ಜರುಗಿಸಬೇಕಾಗುತ್ತದೆ.

ಹಂತ 6: ವಿಳಾಸದ ಜಾಗ ಮೀಸಲಿಟ್ಟ ಮೇಲೆ ಡಿಸೈನ್ ಶುರು ಮಾಡಿ

ಖಾಲಿ ಪುಟದ ಮೇಲೆ ಮೊದಲು ಎಳೆಯಬೇಕಾದದ್ದು ವಿಳಾಸದ ಚೌಕ, ಅಂಚೆ ಗುರುತಿನ ಚೌಕ, ಬಾರ್‌ಕೋಡಿನ ಪಟ್ಟಿ. ಉಳಿದ ಜಾಗ ಮಾತ್ರ ನಿಮ್ಮ ಚಿತ್ರಕ್ಕೆ, ಮಾತಿಗೆ. ವಿಳಾಸದ ಹಿಂದೆ ಬಿಳಿ ಅಥವಾ ತೀರಾ ತಿಳಿ ಬಣ್ಣ ಇರಲಿ, ಅಕ್ಷರ ಕಪ್ಪಾಗಿರಲಿ, 10ರಿಂದ 12 ಪಾಯಿಂಟ್ ಅಳತೆ ಇರಲಿ.

ಹೊಳಪಿನ ಲ್ಯಾಮಿನೇಷನ್ ಬಗ್ಗೆ ಎಚ್ಚರ. ಅದರ ಮೇಲೆ ಮಸಿ ಒಣಗುವುದಿಲ್ಲ, ಬಾರ್‌ಕೋಡ್ ಒರೆಸಿಹೋಗುತ್ತದೆ, ಸ್ಟಿಕರ್ ಕಿತ್ತುಬರುತ್ತದೆ. ಜೊತೆಗೆ ಅದೂ ಪ್ಲಾಸ್ಟಿಕ್ ಪದರವೇ. ಹೊಳಪು ಬೇಕೇ ಬೇಕಾದರೆ ಒಳಪುಟಕ್ಕೆ ವಾರ್ನಿಶ್ ಮಾಡಿಸಿ, ವಿಳಾಸದ ಬದಿ ಹಾಗೇ ಬಿಡಿ.

ಇನ್ನೊಂದು ತಪ್ಪು ನನಗೆ ಬಹಳ ಕಂಡಿದೆ. ಕಳಿಸುವವರ ವಿಳಾಸವನ್ನು ಮುಟ್ಟಿಸಬೇಕಾದವರ ವಿಳಾಸದ ಹತ್ತಿರ, ಅದಕ್ಕಿಂತ ಕೆಳಗೆ, ದೊಡ್ಡ ಅಕ್ಷರದಲ್ಲಿ ಹಾಕುವುದು. ಯಂತ್ರ ಕೆಳಗಿನ ವಿಳಾಸವನ್ನೇ ಓದಿ, ಪತ್ರವನ್ನು ನಿಮಗೇ ತಲುಪಿಸಬಹುದು. ಕಳಿಸುವವರ ವಿಳಾಸ ಮೇಲೆ ಎಡಮೂಲೆಯಲ್ಲೋ ಹಿಂಬದಿಯಲ್ಲೋ ಚಿಕ್ಕದಾಗಿ ಇರಲಿ. ಕ್ಯೂಆರ್ ಕೋಡ್ ಕೂಡ ವಿಳಾಸದ ಬದಿಗೆ ಬೇಡ.

ಕಿಟಕಿ ಕವರ್ ಆದರೆ ಕುಲುಕಿ ನೋಡುವ ಪರೀಕ್ಷೆ ಮಾಡಿ. ಕವರ್ ಅನ್ನು ಎಡಕ್ಕೆ, ಬಲಕ್ಕೆ, ಕೆಳಕ್ಕೆ ತಟ್ಟಿ. ಪ್ರತಿ ಸಲವೂ ವಿಳಾಸದ ಸುತ್ತ ಕನಿಷ್ಠ 3 ಮಿಲಿಮೀಟರ್ ಖಾಲಿ ಕಾಣಬೇಕು.

ಹಂತ 7: ಡಮ್ಮಿ ಮಾಡಿ, ತೋರಿಸಿ, ಬರಹದಲ್ಲಿ ಒಪ್ಪಿಗೆ ತಗೊಳ್ಳಿ

ಅದೇ ಕಾಗದ, ಅದೇ ಕವರ್, ಅದೇ ಅಂಟು, ಅದೇ ಮಡಿಕೆ. ಐದು ಡಮ್ಮಿ ಮಾಡಿ. ಸಾದಾ ಪ್ರಿಂಟರ್‌ನಲ್ಲಿ ತೆಳು ಹಾಳೆಯ ಮೇಲೆ ತೆಗೆದ ನಕಲು ಡಮ್ಮಿಯಲ್ಲ, ಅದರಿಂದ ತೂಕವೂ ತಿಳಿಯದು, ದಪ್ಪವೂ ತಿಳಿಯದು.

ಮೊದಲು ನೀವೇ ತೂಗಿ, ಸೀಳಿನ ಗೇಜಿನಲ್ಲಿ ತೂರಿಸಿ ನೋಡಿ. ಒತ್ತದೆ ಜಾರಿಹೋಗಬೇಕು. ಆಮೇಲೆ ಎರಡನ್ನು ಅಂಚೆ ಕಚೇರಿಯಲ್ಲಿ ದೊಡ್ಡ ಮೊತ್ತದ ಟಪಾಲು ನೋಡಿಕೊಳ್ಳುವವರಿಗೆ ಕೊಡಿ. ಬಾಯಿಮಾತಿನ "ಆಗುತ್ತೆ ಬಿಡಿ" ಸಾಲದು. ಕೌಂಟರ್‌ನಲ್ಲಿ ಇವತ್ತು ಇದ್ದವರು ಆ ದಿನ ಇರದಿರಬಹುದು. ಡಮ್ಮಿಯ ಮೇಲೆ ಸಹಿ ಮತ್ತು ದಿನಾಂಕ, ಇಲ್ಲವೇ ಒಂದು ಇಮೇಲ್ ಉತ್ತರ ಕೇಳಿ ಪಡೆಯಿರಿ.

ಉಳಿದ ಮೂರನ್ನು ನಿಮ್ಮದೇ ಪರಿಚಯದವರ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿ. ಬಂದ ಮೇಲೆ ಫೋಟೋ ತರಿಸಿಕೊಳ್ಳಿ. ಮೂಲೆ ಮುದುರಿದೆಯೇ, ಬಿಲ್ಲೆ ಬಿಟ್ಟಿದೆಯೇ, ಮಸಿ ಹರಡಿದೆಯೇ? ಎಷ್ಟೇ ಅವಸರವಿದ್ದರೂ ಈ ಕೆಲಸವನ್ನು ಬಿಡಬೇಡಿ.

ಹಂತ 8: ವಿಳಾಸದ ಪಟ್ಟಿ, ಮುದ್ರಣ, ಅಂಚೆಗೆ ಕೊಡುವ ದಿನ

ಪ್ರೆಸ್‌ಗೆ ಎಷ್ಟು ಪ್ರತಿ ಎಂದು ಹೇಳುವ ಮೊದಲು ಪಟ್ಟಿ ಸ್ವಚ್ಛ ಮಾಡಿ. ಎರಡೆರಡು ಸಲ ಬಂದ ಹೆಸರು, ಪಿನ್ ಕೋಡ್ ಇಲ್ಲದ ಸಾಲು, ಹೋದ ಸಲ ವಾಪಸ್ ಬಂದ ವಿಳಾಸ, ಬೇಡ ಎಂದು ತಿಳಿಸಿದವರು, ಇವೆಲ್ಲ ಹೋಗಲಿ.

ಮುದ್ರಣದ ಮೊದಲ ಹತ್ತು ಪ್ರತಿ ಬಂದ ಕೂಡಲೇ ತೂಗಿ. ಒಂದೊಂದಾಗಿ ತೂಗುವ ಬದಲು ಹತ್ತನ್ನೂ ಒಟ್ಟಿಗೆ ಇಟ್ಟು ಹತ್ತರಿಂದ ಭಾಗಿಸಿ, ಸರಿಯಾದ ಅಂಕಿ ಸಿಗುತ್ತದೆ. ಲೆಕ್ಕಕ್ಕಿಂತ ಅರ್ಧ ಗ್ರಾಂ ಜಾಸ್ತಿ ಬಂದರೆ ಪ್ರೆಸ್ ನಿಲ್ಲಿಸಿ ಕೇಳಿ. ಕಾಗದ ಸಿಗಲಿಲ್ಲ, ಸ್ವಲ್ಪ ದಪ್ಪದ್ದು ಹಾಕಿದೆವು ಎಂಬ ಉತ್ತರ ಬರುವುದುಂಟು.

ತುಂಬಿದ ಕವರ್‌ಗಳನ್ನು ನೆಲಕ್ಕಿಡದೆ ಹಲಗೆಯ ಮೇಲೆ, ಒಣ ಕೋಣೆಯಲ್ಲಿ ಇಡಿ. ಎಲ್ಲದರ ಮುಖ ಒಂದೇ ಕಡೆಗಿರಲಿ. ಅಂಚೆಯವರು ಹೇಳಿದಂತೆ ಪಿನ್ ಕೋಡ್ ಪ್ರಕಾರ ಕಟ್ಟು ಮಾಡಿ. ಕೊಡುವ ದಿನ ಸಹಿ ಆದ ಡಮ್ಮಿ ಜೊತೆಗಿರಲಿ.

ಇವು ಕಂಡರೆ ಅಲ್ಲೇ ನಿಲ್ಲಿಸಿ

ಕವರ್ ಮುಚ್ಚಿದ ಮೇಲೂ ನಡುಭಾಗ ದಿಂಬಿನಂತೆ ಉಬ್ಬಿದ್ದರೆ ಮಡಿಕೆ ತಪ್ಪಿದೆ. ಕರಪತ್ರವನ್ನು ತಳ್ಳಿ ತುರುಕಬೇಕಾದರೆ ಕವರ್ ಚಿಕ್ಕದಾಯಿತು. ಹತ್ತು ಮಿಲಿಮೀಟರ್ ಸಡಿಲ ಇರಬೇಕು, ಡಿಎಲ್ ಕವರ್‌ಗೆ 210 ಮಿಲಿಮೀಟರ್ ಉದ್ದದ ಹಾಳೆ ಹೊಂದುವುದು ಅದಕ್ಕೇ. ಬೆರಳು ಒದ್ದೆ ಮಾಡಿ ವಿಳಾಸದ ಮೇಲೆ ಎಳೆದಾಗ ಮಸಿ ಹರಡಿದರೆ ಮಳೆಯಲ್ಲಿ ಆ ಪತ್ರ ತಲುಪುವುದಿಲ್ಲ. ರಾತ್ರಿ ಅಂಟಿಸಿದ ಬಿಲ್ಲೆ ಬೆಳಗ್ಗೆ ಮೂಲೆ ಎದ್ದಿದ್ದರೆ ಅಂಟು ಆ ಕಾಗದಕ್ಕೆ ಹೊಂದುತ್ತಿಲ್ಲ.

ಮನೆಯಲ್ಲಿ ಉಳಿದ ಹಳೆಯ ಸರಕು

ಹೊಸ ನಿಯಮಕ್ಕೆ ಹೊಂದದ ಕರಪತ್ರ ಸಾವಿರಗಟ್ಟಲೆ ಬಿದ್ದಿದ್ದರೆ ಎಲ್ಲವನ್ನೂ ರದ್ದಿಗೆ ಹಾಕಬೇಕಿಲ್ಲ. ಅಂಚಿನಲ್ಲಿ ಮುಖ್ಯ ಮಾತಿಲ್ಲದಿದ್ದರೆ ಪ್ರೆಸ್‌ನ ಕಟಿಂಗ್ ಯಂತ್ರದಲ್ಲಿ ಅಳತೆಗೆ ಕತ್ತರಿಸಬಹುದು. ಮಡಿಸಿ ಚಿಕ್ಕದು ಮಾಡುವುದಾದರೆ ದಪ್ಪ ಎರಡರಷ್ಟಾಗುತ್ತದೆ, ಮತ್ತೆ ಗೇಜಿನಲ್ಲಿ ನೋಡಿ. ಆಗದವನ್ನು ಕೈಯಿಂದ ಹಂಚಲು ಇಟ್ಟುಕೊಳ್ಳಿ, ಅಂಗಡಿಯ ಚೀಲದೊಳಗೆ ಹಾಕಿ ಕೊಡಿ. ಪ್ಲಾಸ್ಟಿಕ್ ಕವರ್‌ಗಳು ಉಳಿದಿದ್ದರೆ ಸರಬರಾಜು ಮಾಡಿದವರು ವಾಪಸ್ ತಗೊಳ್ಳುತ್ತಾರೆಯೇ ಎಂದು ಜಾರಿಯ ದಿನಕ್ಕೆ ಮೊದಲೇ ಕೇಳಿ. ಆ ದಿನ ದಾಟಿದ ಮೇಲೆ ಅವರಿಗೂ ಅದು ಬೇಡವಾಗಿರುತ್ತದೆ.